ಸೊನ್ನೆ ಡಾಲರಿನ ಊಟ

ಅಕ್ಟೋಬರ್ 3, ಮಂಗಳವಾರ

ವಾರದ ಸಾಮಾನು ತಂದೆ. ಓಟ್ಸ್, ಒಣ ಬೀನ್ಸು, ಮೊಟ್ಟೆ ಒಂದು ಡಜನ್, ಈರುಳ್ಳಿ, ಪೀನಟ್ ಬಟರಿನ ದೊಡ್ಡ ಡಬ್ಬಿ — ತಿಂಗಳು ಪೂರ್ತಿ ಬರಬೇಕು — ಹಳೇ ಬ್ರೆಡ್ಡಿನ ಅಂಗಡಿಯಿಂದ ಎರಡು ಲೋಫ್. ಇಪ್ಪತ್ತಮೂರು ಡಾಲರ್ ಚಿಲ್ಲರೆ. ಚೀಸ್ ಎತ್ತಿಕೊಂಡೆ, ಇಟ್ಟೆ. ಮತ್ತೆ ಎತ್ತಿಕೊಂಡೆ, ಇಟ್ಟೆ. ಕ್ಯಾಮೆರಾದಲ್ಲಿ ನೋಡಿದವರು ಕಳ್ಳಿ ಅಂದುಕೊಂಡಿರಬೇಕು.

ಆಲೂಗಡ್ಡೆಗೆ ಖರ್ಚಿಲ್ಲ. ಮೆಮೇರ್, ಅಂದರೆ ನಮ್ಮಜ್ಜಿ, ಕಳಿಸಿದ ಐವತ್ತು ಪೌಂಡಿನ ಚೀಲ ಮಂಚದ ಕೆಳಗಿದೆ. ಅವರ ಪ್ರಕಾರ ಆಲೂಗಡ್ಡೆ ಇರುವ ಮನೆಯಲ್ಲಿ ಬಡತನ ಇರುವುದಿಲ್ಲ. ರೂಮ್‌ಮೇಟ್ ಹ್ಯಾಡ್ಲಿಗೆ ಆ ಚೀಲ ಕಂಡರಾಗದು.

"ಮೊಳಕೆ ಬರ್ತಿದೆ ಕಣೇ ಮಿರೇಯ್. ಇನ್ನೊಂದು ವಾರ ಬಿಟ್ರೆ ನಿನ್ನ ಮಂಚಾನೇ ಹೊಲ ಆಗುತ್ತೆ. ಟ್ರ್ಯಾಕ್ಟರ್ ತರಿಸ್ಲಾ?"

ಅವಳಪ್ಪ ಪೋರ್ಟ್‌ಲೆಂಡಿನಲ್ಲಿ ಹಲ್ಲಿನ ಡಾಕ್ಟರು. ಇವಳು ಚೀಸ್ ತಂದಿಟ್ಟು ಮರೆತೇಬಿಡುವ ಪೈಕಿ.

ಮಧ್ಯಾಹ್ನ ಹೊಟ್ಟೆ ತುಂಬಾ ಊಟ. ಮಂಗಳವಾರ ಅಲ್ಲವೇ. ಹುರಿದ ಕೋಳಿ, ಸಲಾಡ್, ಎರಡು ಸಲ ಸೂಪ್. ಬರುವಾಗ ಜೇಬಿನಲ್ಲಿ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಎರಡು. ಎಲ್ಲಾ ತಾಂತ್ ಜೆರ್ಮೇನ್ ದಯೆ.

ಬರೆದಿಟ್ಟಿಲ್ಲ ಇದನ್ನು. ಬರೆದುಬಿಡುತ್ತೇನೆ. ಆಗಸ್ಟ್ ಕೊನೆ. ಕ್ಯಾಂಪಸ್ಸಿನ ದೊಡ್ಡ ಊಟದ ಹಾಲ್, ಉತ್ತರದ ಬಾಗಿಲು. ಮೀಲ್ ಪ್ಲಾನ್ ಕೊಂಡವರು ಕಾರ್ಡ್ ಉಜ್ಜಿ ಒಳಗೆ ಹೋಗುತ್ತಾರೆ, ಬೇಕಾದಷ್ಟು ತಿನ್ನುತ್ತಾರೆ. ನನ್ನ ಕಾರ್ಡಿನಲ್ಲಿ ಪ್ಲಾನ್ ಇಲ್ಲ. ಒಂದು ಊಟಕ್ಕೆ ಕೈಯಿಂದ ಕೊಟ್ಟರೆ ಎಷ್ಟು ಅಂತ ಕೇಳಿದೆ. ಹದಿಮೂರು ಡಾಲರ್ ಅಂದರು. ತಿರುಗಿ ಹೊರಟೆ. ಬಾಗಿಲಲ್ಲಿ ಕೂತಿದ್ದ ಹೆಂಗಸು ಕಾರ್ಡಿನ ಮೇಲಿನ ಹೆಸರು ಓದಿಬಿಟ್ಟಿದ್ದರು.

"ಡೇಗಲ್? ಯಾವ ಡೇಗಲ್? ನದಿ ಕಡೆಯೋರಾ, ಗುಡ್ಡದ ಕಡೆಯೋರಾ? ಯಾರ ಮಗಳು ನೀನು?"

"ನದಿ ಕಡೆ. ರೋಸೇರ್ ಡೇಗಲ್ ಮಗಳು. ಏಡ್ರಿಯನ್ ಮೊಮ್ಮಗಳು."

"ಅಯ್ಯಯ್ಯೋ! ಏಡ್ರಿಯನ್ನಮ್ಮನ ಮೊಮ್ಮಗಳಾ! ನಿಮ್ಮ ಮೆಮೇರ್ ಭಾನುವಾರ ಚರ್ಚಲ್ಲಿ ನಮಗೆ ಪಾಠ ಹೇಳೋರು. ಎಷ್ಟು ಗಿಲ್ಲೋರು ಅಂತೀಯ! ನಾನು ಲೂಸ್ಯೆನ್ ಸಿರ್ವಾ ಮಗಳು ಕಣೇ, ಕಟ್ಟಿಗೆ ಮಿಲ್ಲಿನ ಲೂಸ್ಯೆನ್. ಜೆರ್ಮೇನ್ ಅಂತ."

ನಮ್ಮ ಕಣಿವೆಯಲ್ಲಿ ಹೀಗೇ. ಮೊದಲು ಯಾರ ಮಗಳು, ಆಮೇಲೆ ಹೆಸರು, ಆಮೇಲೆ ಮಿಕ್ಕ ಪ್ರಪಂಚ. ದೊಡ್ಡವರೆಲ್ಲ ತಾಂತ್ — ಅತ್ತೆಯೋ ಚಿಕ್ಕಮ್ಮನೋ, ನಮ್ಮ ಫ್ರೆಂಚಿನಲ್ಲಿ ಎರಡಕ್ಕೂ ಅದೇ ಮಾತು. ತಾಂತ್ ಜೆರ್ಮೇನ್ ನನ್ನ ಕಾರ್ಡನ್ನು ಯಂತ್ರದ ಮೇಲೆ ಗಾಳಿಯಲ್ಲೇ ಆಡಿಸಿದರು. ನಾಲಿಗೆಯಲ್ಲಿ "ಟೀಕ್" ಅಂದರು. ಥೇಟ್ ಯಂತ್ರದ ಸದ್ದು.

"ಹೋಗು ಒಳಗೆ. ಎಲುಬು ಕಾಣ್ತಿದೆ. ಮಂಗಳವಾರ, ಗುರುವಾರ ನನ್ನ ಪಾಳಿ ಇಲ್ಲೇ. ಬಾ."

ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ.

ಅಕ್ಟೋಬರ್ 12, ಗುರುವಾರ

ಚಳಿ ಬಿತ್ತು. ಊರಲ್ಲಿ ಆಲೂಗಡ್ಡೆ ಕೀಳುವುದು ಮುಗಿಯಿತಂತೆ. ಆಲೂಗಡ್ಡೆ ಕೀಳಲು ಸ್ಕೂಲು ಕೊಡುವ ಸುಗ್ಗಿ ರಜೆ ಇಲ್ಲದ ನನ್ನ ಮೊದಲ ಶರತ್ಕಾಲ ಇದು. ಕೈಗೆ ಮಣ್ಣು ಮೆತ್ತಿಲ್ಲ. ಏನೋ ಮರೆತ ಹಾಗೆ ಅನಿಸುತ್ತದೆ.

ತಾಂತ್ ಜೆರ್ಮೇನ್ ಮನೆಯಿಂದ ಬಟಾಣಿ ಸೂಪ್ ತಂದಿದ್ದರು, ಹಳದಿ ಮಾರ್ಗರಿನ್ ಡಬ್ಬಿಯಲ್ಲಿ. "ಒಳಗಿನ ಸೂಪ್ ಸೂಪಲ್ಲ, ನೀರು. ಇದನ್ನ ರಾತ್ರಿಗೆ ಇಟ್ಕೋ." ದಕ್ಷಿಣದ ಬಾಗಿಲಿನ ಡಾರ್ಲೀನ್ ಪಕ್ಕದಲ್ಲೇ ನಿಂತಿದ್ದರು. ಹತ್ತೊಂಬತ್ತು ವರ್ಷದಿಂದ ಗೆಳತಿಯರು. ಬ್ರೇಕಿನಲ್ಲಿ ಇಸ್ಪೀಟು ಹಾಕಿಕೊಂಡು ಕ್ರಿಬೇಜ್ ಆಡುತ್ತಾರೆ, ಕಿತ್ತಾಡುತ್ತಾರೆ.

"ಏನೇ, ನಿಮ್ಮೂರ ಹುಡುಗಿಗೆ ಇವತ್ತೂ 'ಟೀಕ್' ಆಯ್ತಾ?" ಅಂದರು ಡಾರ್ಲೀನ್.

"ನಿಂಗೇನು ಹೊಟ್ಟೆಕಿಚ್ಚು? ಯಂತ್ರ ಸರಿಯಾಗೇ ಇದೆ. ನೀನು ನಿನ್ನ ಬಾಗಿಲು ನೋಡ್ಕೋ."

ಇಬ್ಬರೂ ನಕ್ಕರು. ಜನವರಿಗೆ ತಾಂತ್ ಜೆರ್ಮೇನ್‌ಗೆ ಇಪ್ಪತ್ತು ವರ್ಷ ಸರ್ವೀಸು ತುಂಬುತ್ತದೆ. ಇಪ್ಪತ್ತು ತುಂಬಿದರೆ ಪೂರ್ತಿ ಪೆನ್ಷನ್. ಆಮೇಲೆ ಊರಿಗೆ ಹೋಗಿ ನದಿ ದಂಡೆಯಲ್ಲಿ ಕೂತು ಕಾಲು ಚಾಚುತ್ತೇನೆ, ಡಾರ್ಲೀನ್ ಬಂದು ಉಗುರಿಗೆ ಬಣ್ಣ ಹಚ್ಚಬೇಕು ಅಂದರು.

ಡಬ್ಬಿ ವಾಪಸ್ ಕೊಡಬೇಕು. ಖಾಲಿ ಕೊಡುವ ಹಾಗಿಲ್ಲ. ಮೆಮೇರ್ ಕಲಿಸಿದ್ದು — ತುಂಬಿ ಬಂದ ಪಾತ್ರೆ ತುಂಬಿಯೇ ಹೋಗಬೇಕು. ಏನು ತುಂಬಲಿ?

ಅಕ್ಟೋಬರ್ 24, ಮಂಗಳವಾರ

ಲೈಬ್ರರಿಯ ಗೋಡೆಗೆ ಪೋಸ್ಟರ್. "ವಾರಕ್ಕೆ ಇಪ್ಪತ್ತೈದು ಡಾಲರಿನಲ್ಲಿ ಊಟ — ವಿದ್ಯಾರ್ಥಿಗಳ ಸ್ಪರ್ಧೆ." ನಿಮ್ಮ ಏಳು ದಿನದ ಊಟದ ಚಾರ್ಟ್ ತನ್ನಿ, ತೀರ್ಪುಗಾರರಿಗೆ ವಿವರಿಸಿ. ಬಹುಮಾನ ಇನ್ನೂರು ಡಾಲರಿನ ದಿನಸಿ ಕಾರ್ಡ್. ಇನ್ನೂರು!

ಹ್ಯಾಡ್ಲಿ: "ನೀನೇ ಗೆಲ್ಲೋದು. ಈ ಊರಲ್ಲಿ ನಿನ್ನಂಥ ಜಿಪುಣಿ ಇನ್ನೊಬ್ಬಳಿಲ್ಲ. ಟೀ ಬ್ಯಾಗ್ ಒಣಹಾಕ್ತೀಯಲ್ಲೇ ಮಾರಾಯ್ತಿ!"

ಚಾರ್ಟ್ ಬರೆದೆ. ಬೀನ್ಸು ನಾಲ್ಕು ಬಗೆ. ಆಲೂಗಡ್ಡೆ ಆರು ಬಗೆ. ಬೆಳಿಗ್ಗೆಗೆ ಪ್ಲಾಯ್ — ನಮ್ಮ ಬಕ್‌ವೀಟ್ ದೋಸೆ, ಒಂದೇ ಮಗ್ಗುಲು ಬೇಯಿಸುವುದು, ಮಗುಚಿ ಹಾಕಿದರೆ ಮೆಮೇರ್ ಮುಖ ತಿರುಗಿಸುತ್ತಾರೆ. ಮಂಗಳವಾರ, ಗುರುವಾರ ಮಧ್ಯಾಹ್ನದ ಚೌಕಕ್ಕೆ ಬಂದಾಗ ಪೆನ್ಸಿಲು ನಿಂತಿತು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ಸೊನ್ನೆ ಅಂತ ಬರೆದೆ.

ಸುಳ್ಳು ಬರೆಯಬಾರದು ಅಂತ ಬೇರೆ! ಎಂಥಾ ಸತ್ಯಸಂಧೆ.

ಅಕ್ಟೋಬರ್ 26, ಗುರುವಾರ

ಗೆದ್ದೆ!! ಗೆದ್ದೆ. ಕಾರ್ಡ್ ಜೇಬಿನಲ್ಲಿದೆ. ಹತ್ತು ಸಲ ಮುಟ್ಟಿ ನೋಡಿಕೊಂಡೆ.

ಲೈಬ್ರರಿ ಡ್ಯೂಟಿ ಮುಗಿಸಿ ಓಡಿ ಬಂದಾಗ ಶುರುವಾಗಿ ಕಾಲು ಗಂಟೆ ಆಗಿತ್ತು. ತೀರ್ಪುಗಾರರು ಮೂವರು. ಯಾರು ಯಾರೆಂದು ಮೊದಲೇ ಹೇಳಿ ಮುಗಿದಿತ್ತು. ನನ್ನ ಸರದಿ ಬಂದಾಗ ನೀಲಿ ಟೈನವರು ಹೆಸರು ಓದಿ ಮುಗುಳ್ನಕ್ಕರು. "ಡೇಗಲ್? ನದಿ ಕಡೆಯ ಕಣಿವೇನಾ? ನನ್ನ ಹೆಂಡತಿ ಅಲ್ಲಿಯೋಳೇ. ಯಾರ ಪೈಕಿ ನೀವು?"

ಅಷ್ಟೇ ಸಾಕಾಯಿತು ನನಗೆ. ಇನ್ನೂರು ಮೈಲಿ ದೂರದಲ್ಲಿ ನಮ್ಮ ಅಡುಗೆಮನೆಯಲ್ಲೇ ನಿಂತ ಹಾಗಾಯಿತು. ರೋಸೇರ್ ಅಂದೆ, ಏಡ್ರಿಯನ್ ಅಂದೆ, ಅವರ ಹೆಂಡತಿಯ ದೊಡ್ಡಪ್ಪನ ಲಾರಿ ನನಗೆ ಗೊತ್ತು ಅಂದೆ. ಆಮೇಲೆ ಅವರು ಚಾರ್ಟಿನ ಮೇಲೆ ಬೆರಳಿಟ್ಟು ಕೇಳಿದರು.

"ಈ ಎರಡು ಸೊನ್ನೆ ಹೇಗೆ? ಉಪವಾಸಾನಾ?"

"ಉಪವಾಸ ಎಲ್ಲಿ! ಅವತ್ತೇ ಹಬ್ಬದೂಟ. ಉತ್ತರದ ಬಾಗಿಲಲ್ಲಿ ನಮ್ಮೂರೋರಿದ್ದಾರಲ್ಲ, ತಾಂತ್ ಜೆರ್ಮೇನ್, ಮಿಲ್ಲಿನ ಲೂಸ್ಯೆನ್ ಸಿರ್ವಾ ಮಗಳು. ನಮ್ಮ ಮೆಮೇರ್ ಹತ್ರ ಪಾಠ ಕಲಿತೋರು. ಹಸಿದೋರನ್ನ ವಾಪಸ್ ಕಳಿಸೋ ಜನ ಅಲ್ಲ ನಾವು."

ಸಭೆಯೆಲ್ಲ ನಕ್ಕಿತು. ಚಪ್ಪಾಳೆ ಬೇರೆ. ಅವರೂ ನಕ್ಕರು, ಏನೋ ಬರೆದುಕೊಂಡರು. ಮಾರ್ಕ್ಸ್ ಅಂದುಕೊಂಡೆ.

ಅಕ್ಟೋಬರ್ 31, ಮಂಗಳವಾರ

ಉತ್ತರದ ಬಾಗಿಲಲ್ಲಿ ಬೇರೆ ಯಾರೋ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಗಂಡಸು. ತಾಂತ್ ಜೆರ್ಮೇನ್ ಇಲ್ವಾ ಅಂದೆ. ತಲೆ ಎತ್ತದೆ "ರಜೆ" ಅಂದ. ಯಂತ್ರ ನಿಜವಾಗಿ ಟೀಕ್ ಅನ್ನುತ್ತಿತ್ತು.

ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಬ್ರೆಡ್ಡು ತಿಂದೆ. ಜ್ವರವಿರಬೇಕು ಅವರಿಗೆ. ಈ ಚಳಿಗೆ ಎಲ್ಲರಿಗೂ ಜ್ವರ.

ನವೆಂಬರ್ 2, ಗುರುವಾರ

ಜ್ವರ ಅಲ್ಲ.

ಬೆಳಿಗ್ಗೆ ಒಂದು ಇಮೇಲ್. ಊಟದ ವಿಭಾಗದ ಮ್ಯಾನೇಜರ್ ಕಡೆಯಿಂದ. ಕೆಳಗೆ ಫೋಟೋ — ನೀಲಿ ಟೈ. "ನೀವು ನೀಡಿದ ಮಾಹಿತಿಗೆ ಧನ್ಯವಾದ. ನಿಮ್ಮ ಹೆಸರನ್ನು ಗೋಪ್ಯವಾಗಿ ಇಡಲಾಗುವುದು. ವಿದ್ಯಾರ್ಥಿಗಳ ಮೇಲೆ ಕ್ರಮ ಕೈಗೊಳ್ಳುವ ಉದ್ದೇಶ ನಮಗಿಲ್ಲ."

ಮಾಹಿತಿ. ಧನ್ಯವಾದ.

ಮೂರು ಸಲ ಓದಿದೆ. ದಕ್ಷಿಣದ ಬಾಗಿಲಿಗೆ ಓಡಿದೆ. ಡಾರ್ಲೀನ್ ಕಣ್ಣು ಊದಿತ್ತು. ತಾಂತ್ ಜೆರ್ಮೇನ್ ಅವರನ್ನು ಸಂಬಳವಿಲ್ಲದೆ ಮನೆಗೆ ಕಳಿಸಿದ್ದಾರಂತೆ. ಇಪ್ಪತ್ತೊಂದಕ್ಕೆ ವಿಚಾರಣೆ. "ಯಾರೋ ಹೆಸರು ಸಮೇತ ಹೇಳಿದಾರೆ. ಅಪ್ಪನ ಹೆಸರು ಸಮೇತ! ಅವಳು ದುಡ್ಡು ತಗೊಂಡು ಹುಡುಗರನ್ನ ಒಳಗೆ ಬಿಡ್ತಾಳೆ ಅಂತ ಮೇಲಿನೋರ ಅನುಮಾನ. ಯಾರನ್ನ ಬಿಟ್ಟೆ ಅಂತ ಕೇಳಿದ್ರೆ ಬಾಯೇ ಬಿಡ್ತಿಲ್ಲವಂತೆ. ಮರೆತುಹೋಯ್ತು ಅಂತಾಳಂತೆ."

ನನ್ನನ್ನು ಕಾಪಾಡುತ್ತಿದ್ದಾರೆ. ನನ್ನಿಂದಲೇ.

ನವೆಂಬರ್ 4, ಶನಿವಾರ

ಬಹುಮಾನದ ಕಾರ್ಡ್ ಒಯ್ದೆ. ಬೆಣ್ಣೆ ಕೊಂಡೆ, ಕಾಫಿ ಕೊಂಡೆ, ಚೀಸ್ ಕೊಂಡೆ, ಇಡೀ ಕೋಳಿ ಕೊಂಡೆ, ಕೈಗೆ ಸಿಕ್ಕಿದ್ದೆಲ್ಲ ಗಾಡಿಗೆ ಹಾಕಿದೆ. ಯಾಕೆ ಕೊಂಡೆನೋ. ಎಸೆಯಲೂ ಆಗದ, ಇಟ್ಟುಕೊಳ್ಳಲೂ ಆಗದ ವಸ್ತುವನ್ನು ಮುಗಿಸಿಬಿಡೋಣ ಅಂತಲೋ ಏನೋ. ಅರವತ್ತೊಂದು ಡಾಲರ್ ಉಳಿದಾಗ ಸಾಕಾಯಿತು.

ಕೋಳಿ ಹುರಿದೆ. ತಟ್ಟೆ ಪಕ್ಕಕ್ಕೆ ತಳ್ಳಿದೆ. ಹ್ಯಾಡ್ಲಿ ಎರಡೂ ಕಾಲು ತಿಂದು ಬೆರಳು ನೆಕ್ಕಿದಳು. "ಶ್ರೀಮಂತಿಕೆ ನಿಂಗೆ ಒಗ್ಗಲ್ಲ ಬಿಡು. ಆಲೂಗಡ್ಡೆ ಮುಖ ಮಾಡ್ಕೊಂಡಿದ್ದೀಯ." ಹೇಳಿಬಿಡೋಣ ಅನಿಸಿತು. ಅವಳಿಗೆ ಹೇಳಿ ಏನು ಪ್ರಯೋಜನ.

ನವೆಂಬರ್ 5, ಭಾನುವಾರ

ಮೆಮೇರ್ ಫೋನು. ಪೂಜೆ ಮುಗಿಸಿ ಬಂದವರೇ ಮಾಡಿದ್ದು. ಜೆರ್ಮೇನಳ ಅಕ್ಕ ಚರ್ಚಿನಲ್ಲಿ ಸಿಕ್ಕಿ ಎಲ್ಲ ಹೇಳಿದ್ದಾಳೆ.

"ಅನ್ನ ಹಾಕಿದ ಕೈ ಕಚ್ಚೋರು ಇರ್ತಾರೇನೇ! ಅದ್ಯಾವಳೋ ಚಾಡಿ ಹೇಳಿದಾಳಂತೆ. ಉಂಡ ಮನೆಗೆ ಎರಡು ಬಗೆದವಳು. ಅವಳ ನಾಲಿಗೆ ಬಿದ್ದುಹೋಗ! ಇಪ್ಪತ್ತು ವರ್ಷ ತುಂಬೋಕೆ ಎರಡು ತಿಂಗಳು ಇದ್ದಾಗ... ನೀನು ಅಲ್ಲೇ ಇದ್ದೀಯಲ್ಲ, ಯಾರಂತೆ ಅದು?"

"ಗೊತ್ತಿಲ್ಲ ಮೆಮೇರ್."

"ಗೊತ್ತಾದ್ರೆ ಹೇಳು. ನಾನು ಮೇಣದಬತ್ತಿ ಹಚ್ಚೋದು ಬಿಟ್ಟು ಶಾಪ ಹಾಕ್ತೀನಿ. ಊಟ ಸರಿಯಾಗಿ ಮಾಡ್ತಿದ್ದೀಯೇನೇ? ಧ್ವನಿ ಯಾಕೆ ಹೀಗಿದೆ?"

ಶೀತ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇಡೀ ದಿನ ನಾಲಿಗೆ ಮುಟ್ಟಿ ನೋಡಿಕೊಂಡೆ.

ನವೆಂಬರ್ 7, ಮಂಗಳವಾರ

ಡಾರ್ಲೀನ್ ದಾರಿಯಲ್ಲಿ ಸಿಕ್ಕಿದರು. ನನ್ನ ತೋಳು ಹಿಡಿದುಕೊಂಡರು.

"ನಾನೇ ಹೇಳಿದ್ದು ಅಂದುಕೊಂಡಿದಾಳೆ ಕಣಮ್ಮ. ಆ 'ಟೀಕ್' ವಿಷಯ ನಂಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ ಅಂತ. ಫೋನು ಎತ್ತಲ್ಲ. ಮನೆಗೆ ಹೋದ್ರೆ ಬಾಗಿಲು ತೆಗೆಯಲ್ಲ. ಹತ್ತೊಂಬತ್ತು ವರ್ಷ. ನನ್ನ ಗಂಡ ಸತ್ತಾಗ ಒಂದು ತಿಂಗಳು ನನ್ನ ಮನೇಲೇ ಇದ್ದಳು. ನೀನು ಅವಳ ಊರೋಳು. ಒಂದು ಮಾತು ಹೇಳ್ತೀಯಾ, ಡಾರ್ಲೀನ್ ಅಲ್ಲ ಅಂತ?"

ಅಯ್ಯೋ ಪಾಪ ಅಂದೆ. ಹೇಳ್ತೀನಿ ಅಂದೆ. ಕ್ಲಾಸಿಗೆ ಹೊತ್ತಾಯಿತು ಅಂದೆ. ಕ್ಲಾಸೇ ಇರಲಿಲ್ಲ.

ಥೂ ನನ್ನ ಜನ್ಮಕ್ಕೆ.

ನವೆಂಬರ್ 16, ಗುರುವಾರ

ಒಂಬತ್ತು ದಿನ ಬರೆದಿಲ್ಲ. ಬರೆಯುವುದಕ್ಕೆ ಏನೂ ಮಾಡಿಲ್ಲ, ಅದಕ್ಕೆ.

ನಿಯಮದ ಪುಸ್ತಕ ಓದಿದೆ. ವಿಚಾರಣೆಯಲ್ಲಿ ವಿದ್ಯಾರ್ಥಿ ಬಂದು ಹೇಳಿಕೆ ಕೊಟ್ಟರೆ ಅದು ದಾಖಲೆ ಆಗುತ್ತದೆ. ಹಣ ಕೊಡದೆ ಉಂಡದ್ದು ಶಿಸ್ತು ಉಲ್ಲಂಘನೆ. ಶಿಸ್ತಿನ ಕೇಸಾದರೆ ನನ್ನ ಸ್ಕಾಲರ್‌ಶಿಪ್ ನಿಲ್ಲುತ್ತದೆ. ಸ್ಕಾಲರ್‌ಶಿಪ್ ನಿಂತರೆ ಊರು, ಆಲೂಗಡ್ಡೆ ಪ್ಯಾಕಿಂಗ್ ಶೆಡ್ಡು. ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಏನೂ ಆಗುವುದಿಲ್ಲ. ಇಮೇಲಿನಲ್ಲೇ ಬರೆದುಕೊಟ್ಟಿದ್ದಾರೆ.

ಇವತ್ತು ಧೈರ್ಯ ಮಾಡಿ ಸೇತುವೆ ದಾಟಿ ತಾಂತ್ ಜೆರ್ಮೇನ್ ಮನೆಗೆ ಹೋದೆ. ಹೇಳಿಯೇ ಬರುವುದು ಅಂತ ಹೋದೆ. ಬಾಗಿಲು ತೆಗೆದವರೇ ಕೈ ಹಿಡಿದು ಒಳಗೆ ಎಳೆದುಕೊಂಡರು. "ಬಾ ಪುಟ್ಟೀ. ಕಾಲು ಒದ್ದೆ ಆಗಿದೆಯಲ್ಲೇ! ಶೂ ಬಿಚ್ಚು, ಒಲೆ ಹತ್ರ ಇಡು." ನಾನು ಬಾಯಿ ತೆರೆಯುವ ಮೊದಲೇ ತಟ್ಟೆ ಮುಂದಿತ್ತು. ಬ್ರೆಡ್ಡು, ಅದರ ಮೇಲೆ ದಪ್ಪಗೆ ಹಂದಿಮಾಂಸದ ಕ್ರೆಟಾನ್. ನಮ್ಮೂರಲ್ಲಿ ಹಚ್ಚುವ ಹಾಗೆಯೇ.

"ತಾಂತ್, ಒಂದು ವಿಷಯ..."

"ನಂಗೊತ್ತು ಏನು ಹೇಳ್ತೀಯ ಅಂತ. ನೀನು ಬಂದು ಸಾಕ್ಷಿ ಹೇಳೋದು ಬೇಡ. ನಿನ್ನ ಹೆಸರು ನಾನು ಎತ್ತಿಲ್ಲ, ಎತ್ತೋದೂ ಇಲ್ಲ. ನೀನು ಓದು. ನನ್ನದು ಹೇಗೋ ನಡೆಯುತ್ತೆ." ಚಹಾ ಬಗ್ಗಿಸಿದರು. "ಕೆಲಸ ಹೋದ್ರೆ ಹೋಗ್ಲಿ ಅನ್ನು. ಡಾರ್ಲೀನ್ ಹೀಗೆ ಮಾಡಿದಳಲ್ಲ, ಅದು ತಡೆಯೋಕಾಗ್ತಿಲ್ಲ. ನಮ್ಮಪ್ಪನ ಹೆಸರೂ ಹೇಳಿದಾಳೆ. ಅವಳಿಗೆ ಅದನ್ನ ಹೇಳಿದ್ದೇ ನಾನು, ಇಸ್ಪೀಟು ಆಡೋವಾಗ."

ಗೋಡೆಯ ಮೊಳೆಗೆ ಕ್ರಿಬೇಜಿನ ಅಂಕ ಗುರುತಿಸುವ ಮರದ ಹಲಗೆ ನೇತುಹಾಕಿದ್ದರು. ಮುಖ ಗೋಡೆಯ ಕಡೆಗೆ ತಿರುಗಿಸಿ.

ಆಗ ಹೇಳಬೇಕಿತ್ತು. ಬಾಯಲ್ಲಿ ಬ್ರೆಡ್ಡಿತ್ತು. ನುಂಗಿದೆ. ಇನ್ನೊಂದು ಚೂರು ಕೊಟ್ಟರು, ಅದನ್ನೂ ತಿಂದೆ. ಹೇಳಲು ಹೋದವಳು ಉಂಡು ಬಂದೆ. ಹಳದಿ ಡಬ್ಬಿ ಇನ್ನೂ ನನ್ನ ಶೆಲ್ಫಿನಲ್ಲೇ ಖಾಲಿ ಕೂತಿದೆ.

ನವೆಂಬರ್ 20, ಸೋಮವಾರ. ಬೆಳಿಗ್ಗೆ ಏಳು

ಲೆಕ್ಕ ಹಾಕಿದೆ. ಆಗಸ್ಟ್ ಮೂವತ್ತೊಂದರಿಂದ ಅಕ್ಟೋಬರ್ ಇಪ್ಪತ್ತಾರು. ಹದಿನೇಳು ಊಟ. ಹಾಳೆಯ ಮೇಲೆ ತಾರೀಕು ಸಮೇತ ಬರೆದೆ. ಒಬ್ಬಳೇ ಹುಡುಗಿ, ಒಂದು ಸೆಂಟೂ ಕೊಟ್ಟಿಲ್ಲ, ಅವರು ಕೇಳಿಲ್ಲ — ಅದನ್ನೂ ಬರೆದೆ. ಕೆಳಗೆ ಸಹಿ.

ಹ್ಯಾಡ್ಲಿಗೆ ಹೇಳಿದೆ, ಪೂರ್ತಿ. ಅವಳು ಮೊದಲ ಸಲ ತಮಾಷೆ ಮಾಡಲಿಲ್ಲ.

"ನಿನ್ನ ಹೆಸರು ಗೋಪ್ಯ ಅಂದಿದಾರಲ್ಲೇ. ಯಾಕೆ ಹೋಗಿ ತಲೆ ಕೊಡ್ತೀಯ? ಮೆಮೇರ್‌ಗೆ ಗೊತ್ತಾದ್ರೆ?"

"ಗೊತ್ತಾಗುತ್ತೆ. ಭಾನುವಾರದ ಒಳಗೆ ಇಡೀ ಕಣಿವೆಗೆ ಗೊತ್ತಾಗುತ್ತೆ."

"ಹೆದರಿಕೆ ಆಗಲ್ವಾ?"

ಆಗುತ್ತೆ.

ಮಧ್ಯಾಹ್ನ ನಾಲ್ಕು

ಉಳಿದಿದ್ದ ಬಕ್‌ವೀಟ್ ಹಿಟ್ಟು ಪೂರ್ತಿ ಕಲಸಿದೆ. ಕುದಿಯುವ ನೀರು ಹೊಯ್ದೆ. ಹೆಂಚು ಕಾಯಿಸಿದೆ. ಹದಿನಾಲ್ಕು ಪ್ಲಾಯ್ ಆಯಿತು. ಒಂದೇ ಮಗ್ಗುಲು, ಮೇಲೆಲ್ಲ ಸಣ್ಣ ಸಣ್ಣ ಕಣ್ಣು, ಹಳದಿ ಬಣ್ಣ. ಮೆಮೇರ್ ಕೂಡ ಕೊಂಕು ತೆಗೆಯಲಾರರು. ಎರಡು ತಿಂದು ನೋಡೋಣ ಅನಿಸಿತು, ತಿನ್ನಲಿಲ್ಲ. ಬಹುಮಾನದ ಬೆಣ್ಣೆ ಹಚ್ಚಲಿಲ್ಲ. ಸುತ್ತಿ ಹಳದಿ ಡಬ್ಬಿಗೆ ತುಂಬಿದೆ. ಮುಚ್ಚಳ ಒತ್ತಿದೆ.

ನವೆಂಬರ್ 21, ಮಂಗಳವಾರ. ಬೆಳಿಗ್ಗೆ 9:35

ಆಡಳಿತ ಕಚೇರಿಯ ಕಾರಿಡಾರು. ಉದ್ದ ಬೆಂಚು. ವಿಚಾರಣೆ ಹತ್ತಕ್ಕೆ. ಚೀಲದಲ್ಲಿ ಡಬ್ಬಿ, ಹಾಳೆ, ಅರವತ್ತೊಂದು ಡಾಲರ್ ಉಳಿದ ಕಾರ್ಡು. ಎದ್ದು ಓಡಿಹೋಗಬಾರದು ಅಂತ ಬರೆಯುತ್ತಿದ್ದೇನೆ.

ಡಾರ್ಲೀನ್ ಬಂದರು. ಅವರನ್ನೂ ಕರೆಸಿದ್ದಾರೆ. ಬೆಂಚಿನ ಆ ತುದಿಯಲ್ಲಿ ಕೂತರು. ನನ್ನನ್ನು ನೋಡಿ ಹುಬ್ಬೇರಿಸಿದರು.

9:50

ತಾಂತ್ ಜೆರ್ಮೇನ್ ಬಂದರು. ಚರ್ಚಿಗೆ ಹಾಕುವ ಕೋಟು. ಡಾರ್ಲೀನ್ ಕಡೆ ನೋಡಲೇ ಇಲ್ಲ. ನನ್ನ ಪಕ್ಕ ಕೂತು ಪಿಸುಗುಟ್ಟಿದರು.

"ಹುಚ್ಚೀ, ನೀನ್ಯಾಕೆ ಬಂದೆ ಇಲ್ಲಿಗೆ? ಬೇಡ ಅಂದಿರಲಿಲ್ವಾ? ಎದ್ದು ಹೋಗು."

"ಡಾರ್ಲೀನ್ ಅಲ್ಲ ತಾಂತ್. ನಾನು."

"ಏನು ನೀನು?"

ಹೇಳಿದೆ. ಸ್ಪರ್ಧೆ, ಸೊನ್ನೆ, ನೀಲಿ ಟೈ, ಯಾರ ಪೈಕಿ ಅಂತ ಅವರು ಕೇಳಿದ್ದು, ಹೆಮ್ಮೆಯಿಂದ ನಾನು ಒದರಿದ್ದು. ಇಮೇಲ್ ಬಂದದ್ದು, ಬಚ್ಚಿಟ್ಟದ್ದು. ಅವರ ಮನೆಯಲ್ಲಿ ಕೂತು ಎರಡು ಚೂರು ಬ್ರೆಡ್ಡು ತಿಂದದ್ದು. ಗಟ್ಟಿಯಾಗಿಯೇ ಹೇಳಿದೆ, ಡಾರ್ಲೀನ್‌ಗೂ ಕೇಳಲಿ ಅಂತ.

ತಾಂತ್ ಜೆರ್ಮೇನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿ ತೆಗೆದು ಅವರ ತೊಡೆಯ ಮೇಲಿಟ್ಟೆ. ಎತ್ತಿ ತೂಕ ನೋಡಿದರು. ತುಂಬಿದೆ ಅಂತ ಗೊತ್ತಾಗಿರಬೇಕು. ಮುಚ್ಚಳ ತೆಗೆಯಲಿಲ್ಲ. ಡಬ್ಬಿ ಹಿಡಿದುಕೊಂಡೇ ಎದ್ದರು.

ಬೆಂಚಿನ ಆ ತುದಿಗೆ ಹೋಗಿ ಡಾರ್ಲೀನ್ ಪಕ್ಕ ಕೂತರು. ಅಲ್ಲಿ ಮುಚ್ಚಳ ತೆಗೆದರು. ಡಬ್ಬಿ ಮುಂದೆ ಹಿಡಿದರು. ಡಾರ್ಲೀನ್ ತಕ್ಷಣ ಕೈ ಹಾಕಲಿಲ್ಲ. ತಾಂತ್ ಜೆರ್ಮೇನ್ ಹಿಡಿದೇ ಇದ್ದರು. ಕೊನೆಗೆ ಡಾರ್ಲೀನ್ ಒಂದು ತೆಗೆದುಕೊಂಡರು. ಇಬ್ಬರೂ ಅಳುತ್ತಾ ತಿನ್ನುತ್ತಿದ್ದಾರೆ. ನನ್ನನ್ನು ಕರೆಯಲಿಲ್ಲ. ಕರೆಯಬಾರದು ಕೂಡ.

10:00

ಬಾಗಿಲು ತೆರೆಯಿತು. ನೀಲಿ ಟೈ ಅಲ್ಲ, ಯಾರೋ ಹೆಂಗಸು, ಕೈಯಲ್ಲಿ ಫೈಲು. ಮೊದಲು ಯಾರು ಅಂತ ಕೇಳುತ್ತಿದ್ದಾರೆ. ನಾನು ಅಂದೆ.

ಆ ತುದಿಯಿಂದ ತಾಂತ್ ಜೆರ್ಮೇನ್ ಧ್ವನಿ. ನನ್ನ ಕಡೆ ನೋಡದೆಯೇ —

"ಒಳಗೆ ಹೋಗಿ ಯಾರ ಮಗಳು, ಯಾರ ಮೊಮ್ಮಗಳು ಅಂತ ಶುರು ಹಚ್ಕೋಬೇಡ. ನಿನ್ನ ಹೆಸರು ಹೇಳು. ಅಷ್ಟು ಸಾಕು."

ಏಳಬೇಕು. ಕರೆಯುತ್ತಿದ್ದಾರೆ.